ಅವಲಂಬಿತರ ಪಟ್ಟಿಯಲ್ಲಿದ್ದ ದಾದಿ: ಶ್ರೀಮತಿ ಕಾಂತಾಮಣಿಯವರ ಮೂವತ್ತೆರಡು ವರ್ಷ

ಒಮಾನಿನಲ್ಲಿ ಆರೋಗ್ಯಸೇವೆಗೆ ನಿಂತ ಕನ್ನಡಿಗರ ಚರಿತ್ರೆಯನ್ನು ಮುಂದೊಂದು ದಿನ ಯಾರಾದರೂ ಬರೆಯಲು ಕುಳಿತರೆ, ಇಬ್ರಾದ ಶ್ರೀಮತಿ ಕಾಂತಾಮಣಿಯವರ ಹೆಸರು ಅವರಿಗೆ ಯಾವ ಕಡತದಲ್ಲಿಯೂ ಸಿಗಲಾರದು. ಅದೇ ಇಬ್ರಾದ ಪೇಟೆಯಲ್ಲಿ ಯಾವ ಅಜ್ಜಿಯನ್ನು ನಿಲ್ಲಿಸಿ ಕೇಳಿದರೂ ಆಕೆ ತನ್ನ ವ್ಯಾಪಾರ ಬಿಟ್ಟು, ಮೂರು ಓಣಿ ದಾಟಿಸಿ, ಅವರ ಮನೆಯ ಬಾಗಿಲನ್ನು ತಾನೇ ತಟ್ಟಿಯಾಳು. ಕಾಗದಕ್ಕೆ ಗೊತ್ತಿಲ್ಲದ, ಜನಕ್ಕೆ ಗೊತ್ತಿರುವ ಇಂಥ ಹಿರಿಯ ಜೀವಕ್ಕೆ ಅಭಿನಂದನೆ ಸಲ್ಲಿಸುವಾಗ ವಿನಯದ ಜೊತೆಗೆ ಸಿಟ್ಟೂ ಬೆರೆತರೆ ಓದುಗರು ಮನ್ನಿಸಬೇಕು. ಮನ್ನಿಸದಿದ್ದರೂ ಅಡ್ಡಿಯಿಲ್ಲ.

ಈ ಅಭಿನಂದನ ಸಂಪುಟ ಹೊರಟದ್ದು ಅವರ ಪತಿ, ಇಬ್ರಾದ ಖಾಸಗಿ ಕ್ಲಿನಿಕ್ಕೊಂದರಲ್ಲಿ ಇಪ್ಪತ್ತೊಂದು ವರ್ಷ ಸ್ಟಾಫ್ ನರ್ಸ್ ಆಗಿದ್ದು ಈಗ ನಿವೃತ್ತರಾಗುತ್ತಿರುವ ಶ್ರೀ ಲಿಗೋರಿಯವರೊಬ್ಬರದೇ ಗೌರವಾರ್ಥ. ಅಲ್ ಅಮೇರಾತಿನ ತಮ್ಮ ಮನೆಯಲ್ಲಿ ಸಮಿತಿಯ ಸಭೆ ಕರೆದಿದ್ದ ಸಂಪಾದಕ ಶ್ಯಾಮಸುಂದರ ಅವರು, ವಿಷಯಗಳನ್ನೆಲ್ಲ ಹಂಚಿಯಾದ ಮೇಲೆ, ಕಾಂತಾಮಣಿಯವರ ಕಡೆ ತಿರುಗಿ ನಕ್ಕರು.

"ಮೇಡಂ ಬಗ್ಗೆನೂ ಒಂದು ಲೈಟಾದ ಆರ್ಟಿಕಲ್ ಇರ್ಲಿ ಕಣ್ರೀ. ಆಫ್ರಿಕಾದಲ್ಲಿ ಕೋತಿ ಸಾಕಿದ್ರಲ್ಲ, ಅದನ್ನ ಬರೆದ್ರೆ ಜನ ಮಜವಾಗಿ ಓದ್ತಾರೆ."

ಸಭೆ ನಕ್ಕಿತು. ಕಾಂತಾಮಣಿಯವರೂ ತಟ್ಟೆಯಲ್ಲಿದ್ದ ಖರ್ಜೂರದ ಬೀಜಗಳನ್ನು ಒಂದು ಕಡೆಗೆ ಸರಿಸುತ್ತ ನಕ್ಕರು. ಎಲ್ಲಿ ಹೋದರೂ ಮಂಗ ಸಾಕಿದ ಮೇಡಂ! ಮೂವತ್ತೆರಡು ವರ್ಷ ಮನುಷ್ಯರನ್ನು ನೋಡಿಕೊಂಡದ್ದು ಒಬ್ಬರ ನೆನಪಿಗೂ ಬರುವುದಿಲ್ಲವಲ್ಲ ಎಂಬ ಮಾತನ್ನೂ ಅವರು ಅಭ್ಯಾಸಬಲದಿಂದ ಆ ಬೀಜಗಳ ಜೊತೆಗೇ ಸರಿಸಿಟ್ಟರು.

ಇರಲಿ. ಮಂಗನಿಂದಲೇ ಆರಂಭಿಸೋಣ.

ಮೂಲ್ಕಿಯ ಕಾಂತಾಮಣಿಯವರ ಮನೆಮಾತು ತುಳು, ಕುಂದಾಪುರದ ಲಿಗೋರಿಯವರದು ಕೊಂಕಣಿ. ಮದುವೆಯಾದ ಮೇಲೆ ಇಬ್ಬರೂ ರಾಜಿಯಾದದ್ದು ಕನ್ನಡದಲ್ಲಿ. ಇಬ್ಬರೂ ನರ್ಸಿಂಗ್ ಕಲಿತವರು. ಹೆರಿಗೆ ಮಾಡಿಸುವ ತರಬೇತಿ ಇದ್ದುದು ಕಾಂತಾಮಣಿಯವರೊಬ್ಬರಿಗೇ. 1993ರಲ್ಲಿ ಕ್ರೈಸ್ತ ಮಿಷನ್ನೊಂದು ದಂಪತಿಯನ್ನು ತಾಂಜಾನಿಯಾದ ಒಳನಾಡಿನ ಹಳ್ಳಿಯೊಂದರ ದವಾಖಾನೆಗೆ ಕಳಿಸಿತು. ಹೋದವರು ಇಬ್ಬರು, ನೇಮಕದ ಪತ್ರ ಒಂದು, ಅದರಲ್ಲಿದ್ದ ಹೆಸರೂ ಒಂದು. ದಂಪತಿಯೆಂದರೆ ಮಿಷನ್ನಿನ ಕಣ್ಣಿಗೆ ಒಂದೇ ಹುದ್ದೆ.

ಅಜ್ಜಿ ಹೇಳುವ ಕಥೆಗಳಲ್ಲಿ ಏಳು ಕಡಲಿನಾಚೆ ಹೋದವರಿಗೆ ಮಾತನಾಡುವ ಗಿಣಿ ಸಿಗುತ್ತದೆ. ಕಾಂತಾಮಣಿಯವರಿಗೆ ಸಿಕ್ಕಿದ್ದು ತಾಯಿಯನ್ನು ಕಳೆದುಕೊಂಡ, ಅಂಗೈಯಷ್ಟೂ ಮುಖವಿಲ್ಲದ ಒಂದು ಮಂಗನ ಮರಿ. ಹೆರಿಗೆಗೆ ಬಂದ ಹೆಂಗಸೊಬ್ಬಳು ಹೊಲದಲ್ಲಿ ಸಿಕ್ಕಿತೆಂದು ಅದನ್ನು ಹೊದಿಕೆಯಲ್ಲಿ ಸುತ್ತಿ ತಂದವಳು, ಹಿಂದಿರುಗುವಾಗ ಅದೇ ಹೊದಿಕೆಯಲ್ಲಿ ತನ್ನ ಕೂಸನ್ನು ಸುತ್ತಿಕೊಂಡು, ಮರಿಯನ್ನು ಬಿಟ್ಟು ಹೋದಳು. ಲಿಗೋರಿಯವರು ಅದಕ್ಕೆ ಪೆದ್ರು ಎಂದು ಹೆಸರಿಟ್ಟರು.

ಬೆಳಗಿನ ಐದಕ್ಕೆ ಒಲೆ ಹೊತ್ತಿಸಿ ಕತ್ತರಿ, ಸೂಜಿಗಳನ್ನು ಕುದಿಸುವವರು ಕಾಂತಾಮಣಿ. ಆರಕ್ಕೆಲ್ಲ ಮಾವಿನ ಮರದಡಿ ಸಾಲು ನಿಂತಿರುತ್ತಿತ್ತು. ಲಿಗೋರಿಯವರು ಪ್ರಾರ್ಥನೆ ಮುಗಿಸಿ, ಕನ್ನಡಕ ಒರೆಸಿ, ರಿಜಿಸ್ಟರ್ ತೆರೆಯುವಷ್ಟರಲ್ಲಿ ಅರ್ಧ ಸಾಲು ಕರಗಿರುತ್ತಿತ್ತು. ಮಕ್ಕಳ ತೂಕದ ತಟ್ಟೆಯಲ್ಲಿ ಪೆದ್ರು ಮೊದಲು ಹೋಗಿ ಕುಳಿತುಬಿಡುತ್ತಿದ್ದ. ಅವನನ್ನು ಎಬ್ಬಿಸದೆ ಯಾವ ಕೂಸಿನ ತೂಕವೂ ಆಗುತ್ತಿರಲಿಲ್ಲ. ಒಮ್ಮೆ ಮಲೇರಿಯಾದ ಮಾತ್ರೆ ಕದ್ದು ಕಚ್ಚಿ, ಕಹಿಗೆ ಉಗಿದು, ಆ ಮಾತ್ರೆಯನ್ನು ಮಾಡಿದವರು ಲಿಗೋರಿಯವರೇ ಎಂಬಂತೆ ಇಡೀ ಮಧ್ಯಾಹ್ನ ಅವರನ್ನು ದುರುಗುಟ್ಟಿ ನೋಡಿದ. ಮರುದಿನದಿಂದ ಕಾಂತಾಮಣಿಯವರು ಮಾತ್ರೆಯ ಪೊಟ್ಟಣಗಳನ್ನು ಹೊಲಿಯತೊಡಗಿದರು. ಹೊಲಿಯುವುದೇ ಆದರೆ ಬೆಳಗಿನ ಮಾತ್ರೆಗೆ ಕೆಂಪು ದಾರ, ರಾತ್ರಿಯದಕ್ಕೆ ಕಪ್ಪು ದಾರ ಎಂದು ಅವರಿಗೇ ಹೊಳೆಯಿತು. ಓದಲು ಬಾರದ ಆ ಹಳ್ಳಿಗರು ಅಂದಿನಿಂದ ಔಷಧವನ್ನು ತಪ್ಪಿ ನುಂಗಲಿಲ್ಲ. ಮಧ್ಯಾಹ್ನ ಜೋಳದ ಹಿಟ್ಟಿನ ಮುದ್ದೆ, ಸೊಪ್ಪು. ಸಂಜೆ ಸೈಕಲ್ ಹತ್ತಿ ಹಳ್ಳಿಯಿಂದ ಹಳ್ಳಿಗೆ ಬಸುರಿಯರನ್ನು ನೋಡಲು ಹೊರಡುವುದು. ಹೀಗೆ ಹನ್ನೊಂದು ವರ್ಷ. ಮಿಷನ್ನಿನ ವರದಿಗಳಲ್ಲಿ ಆ ಹೆರಿಗೆಗಳೆಲ್ಲ 'ಶ್ರೀ ಲಿಗೋರಿಯವರ ಕೇಂದ್ರದ ಸಾಧನೆ'.

2004ರಲ್ಲಿ ದವಾಖಾನೆ ಮುಚ್ಚಿತು. ಪೆದ್ರು ಅದಕ್ಕೆ ಮೊದಲೇ ಕಾಡಿನ ಹಿಂಡು ಸೇರಿಯಾಗಿತ್ತು. ದಂಪತಿ ಇಬ್ರಾಕ್ಕೆ ಬಂದರು. ಕೆಲಸದ ವೀಸಾ ಲಿಗೋರಿಯವರಿಗೆ, ಕುಟುಂಬದ ವೀಸಾ ಕಾಂತಾಮಣಿಯವರಿಗೆ. ಎರಡನೇ ವಾರದಲ್ಲಿ ಜಾಂಜಿಬಾರಿನಲ್ಲಿ ಹುಟ್ಟಿ ಬೆಳೆದ ಒಮಾನಿ ವೃದ್ಧೆಯೊಬ್ಬರು ಕ್ಲಿನಿಕ್ಕಿನಲ್ಲಿ, ಗಂಡಸು ಕೈ ಮುಟ್ಟಬಾರದೆಂದು ಹಟ ಹಿಡಿದು ಕುಳಿತಾಗ, ಲಿಗೋರಿಯವರು ಮನೆಗೆ ಫೋನ್ ಮಾಡಿದರು. ಅಡಿಗೆ ಅರ್ಧಕ್ಕೆ ಬಿಟ್ಟು ಬಂದ ಕಾಂತಾಮಣಿಯವರು, ಸ್ವಾಹಿಲಿಯಲ್ಲಿ ಹಿರಿಯರಿಗೆ ಹೇಳುವಂತೆ, "ಶಿಕಾಮೋ, ಬೀಬಿ" ಎಂದು ತಲೆಬಾಗಿದರು. "ಮರಹಬಾ" ಎಂದ ಆ ವೃದ್ಧೆ ಹಿಡಿದ ಕೈಯನ್ನು ಒಂದು ಗಂಟೆ ಬಿಡಲಿಲ್ಲ. ಮರುದಿನದಿಂದ ಕ್ಲಿನಿಕ್ಕಿನಿಂದ ದಿನವೂ ಕರೆ: "ಮೇಡಂ, ಐದು ನಿಮಿಷ ಬರ್ತೀರಾ?" ಆ ಐದು ನಿಮಿಷ ಇಪ್ಪತ್ತೊಂದು ವರ್ಷ ನಡೆಯಿತು. ಕುರ್ಚಿಯಿಲ್ಲ, ಗುರುತಿನ ಚೀಟಿಯಿಲ್ಲ.

ಉಪ್ಪಿನಂಗಡಿಯಿಂದ ಬಂದು ಅಲ್ಲಿ ಔಷಧ ವಿಭಾಗ ಸೇರಿದ ಆಫಿಯಾ, ಮೊದಲ ತಿಂಗಳಲ್ಲೇ ಎರಡು ಪೊಟ್ಟಣ ಅದಲುಬದಲು ಮಾಡಿ ಸ್ಟೋರಿನಲ್ಲಿ ಅಳುತ್ತ ಕುಳಿತಿದ್ದಾಗ, ಬೈಯದೆ ಪಕ್ಕದಲ್ಲಿ ಕುಳಿತು ದಾರ ಪೋಣಿಸಿ ಕೊಟ್ಟವರು ಇವರು. ದೂರದ ದುಕ್ಮ್ ಬಂದರಿನ ಕ್ಯಾಂಪುಗಳಿಗೆ ಕಂಪನಿ ಬಸ್ಸು ಹತ್ತುವ ಮುನ್ನ ತಿಂಗಳ ಔಷಧ ಒಯ್ಯುತ್ತಿದ್ದ, ಅಕ್ಷರ ತಿಳಿಯದ ಕೆಲಸಗಾರರು ಇಂದಿಗೂ ಕೆಂಪು ಕಪ್ಪು ನೋಡಿಯೇ ನುಂಗುತ್ತಾರೆ.

ಈ ವರ್ಷ ಮೂಡುಬಿದಿರೆಯ ಹತ್ತಿರ, ಗುಣವಾಗದ ಕಾಯಿಲೆಯವರನ್ನು ನೋಡಿಕೊಳ್ಳುವ ಆಶ್ರಮವೊಂದರಿಂದ ಕಾಂತಾಮಣಿಯವರಿಗೆ ಪತ್ರ ಬಂತು: ಮೇಲ್ವಿಚಾರಕಿಯಾಗಿ ಬನ್ನಿ, ಅನುಭವದ ಪ್ರಮಾಣಪತ್ರ ಕಳಿಸಿಕೊಡಿ. ಅವರ ಹೆಸರಿಗೇ ಬಂದ ಮೊದಲ ಉದ್ಯೋಗಪತ್ರವದು. ಐವತ್ತೆಂಟರ ಆ ಹೆಂಗಸು ಅದನ್ನು ಮೂರು ಸಲ ಓದಿ, ಮಡಚಿ, ಮತ್ತೆ ಬಿಡಿಸಿದರು. ಊರಿಗೆ ಹೋಗಿ ಸುಮ್ಮನೆ ಕೂರುವುದು ಅವರಿಗೆ ಬೇಕಿರಲಿಲ್ಲ. ಬೇಕಿದ್ದುದು ಒಂದು ಹಾಳೆ.

ಕ್ಲಿನಿಕ್ಕಿನ ಮ್ಯಾನೇಜರು ತಲೆಯೆತ್ತದೆ ಹೇಳಿದರು: "ನಮ್ಮ ರೆಕಾರ್ಡಲ್ಲಿ ನೀವಿಲ್ಲ ಮೇಡಂ. ಖಲಾಸ್." ಮೂರು ವಾರ ಕಾಯಿಸಿದ ಮಿಷನ್ನಿನ ಕಚೇರಿಯಿಂದ ಇಮೇಲ್ ಬಂದ ದಿನ, ಕಾಂತಾಮಣಿಯವರ ಕನ್ನಡಕ ಮನೆಯಲ್ಲಿದ್ದುದರಿಂದ ಔಷಧದ ಕೌಂಟರಿನಲ್ಲೇ ಆಫಿಯಾ ಅದನ್ನು ಓದಿ ಹೇಳಬೇಕಾಯಿತು. ತಮ್ಮ ಬಳಿ ಇರುವ ದಾಖಲೆ ಇಷ್ಟೇ ಎಂದು ಕಚೇರಿಯವರು ಹಳೆಯ ವಾರ್ಷಿಕ ಫಾರಮ್ಮಿನ ಚಿತ್ರ ಕಳಿಸಿದ್ದರು. ಅವಲಂಬಿತರು ಎಂಬಲ್ಲಿ ಎರಡು ಸಾಲು. ಒಂದು, ಪತ್ನಿ. ಎರಡು, ಪೆದ್ರು, ಮಂಗ.

"ಇದು ಯಾರ ಅಕ್ಷರ?" ಎಂದರು ಕಾಂತಾಮಣಿ.

ಕೌಂಟರಿನ ಪಕ್ಕದಲ್ಲೇ ನಿಂತಿದ್ದ ಲಿಗೋರಿಯವರು ಬಗ್ಗಿ ನೋಡಿದರು. "ನಂದೇ ಮಾರಾಯ್ತಿ. ಅವನಿಗೆ ಹಾಲಿನ ಪುಡಿ ತರಿಸ್ಲಿಕ್ಕೆ ಬರ್ದದ್ದು."

"ಮಂಗನಿಗೆ ಹೆಸರುಂಟು. ನನ್ನದೆಲ್ಲಿ?"

"ಪತ್ನಿ ಅಂದ್ರೆ ನೀನೇ ಅಲ್ವಾ ಕಾಂತಾ? ಅವರಿಗೆ ಗೊತ್ತಿರ್ತದೆ."

"ಯಾರಿಗೆ ಗೊತ್ತುಂಟು? ಈಗ ಕೇಳಿದೆನಲ್ಲ, ಯಾರಿಗೆ ಗೊತ್ತಾಯ್ತು?"

"ಸರ್," ಎಂದಳು ಆಫಿಯಾ, "ನೀವು ಸ್ವಲ್ಪ ಹೊತ್ತು ಮಾತಾಡದಿದ್ರೆ ಒಳ್ಳೇದು."

ನ್ಯಾಯವಾಗಿ ನೋಡಿದರೆ ಮಿಷನ್ನಿಗೂ ಕ್ಲಿನಿಕ್ಕಿಗೂ ನಾಚಿಕೆಯಾಗಬೇಕು; ನಾಚಿದವರು ಲಿಗೋರಿಯವರೊಬ್ಬರೇ. ಎರಡು ದಿನ ಊಟ ಸೇರದ ಅವರು ಮೂರನೆಯ ದಿನ ಶ್ಯಾಮಸುಂದರ ಅವರಿಗೆ ಫೋನ್ ಮಾಡಿ, ಸಂಪುಟದ ಮುಖಪುಟದಲ್ಲಿ ಇಬ್ಬರ ಹೆಸರು ಬಾರದಿದ್ದರೆ ತಾನು ಸಮಾರಂಭಕ್ಕೆ ಬರುವುದಿಲ್ಲವೆಂದರು. "ಸಾರ್, ಕವರ್ ಆಗ್ಲೇ ಪ್ರಿಂಟಿಗೆ ಹೋಗಿದೆ" ಎಂದರೆ, "ಹೋದದ್ದು ವಾಪಸ್ ಬರ್ಲಿ. ಹೇಗೂ ಇಷ್ಟು ವರ್ಷ ತಡ ಆಗಿದೆ" ಎಂದು ಉತ್ತರ. ಮುಖಪುಟ ಬದಲಾಯಿತು. ಕೋತಿಯ ಬರಹವನ್ನು ಕೇಳಿದ್ದ ಸಂಪಾದಕರು ಹೆಚ್ಚು ಮಾತನಾಡದೆ ಈ ಲೇಖನಕ್ಕೆ ಇಷ್ಟು ಪುಟ ಬಿಟ್ಟುಕೊಟ್ಟರು.

ಹೊಗಳಿಕೆಯ ಕರಡನ್ನು ಓದಿ ತೋರಿಸಿದಾಗ ಕಾಂತಾಮಣಿಯವರು ಕೈ ಅಡ್ಡ ಹಿಡಿದರು. "ತಾಯಿ, ದೇವತೆ ಎಲ್ಲ ತೆಗೀರಿ. ಎಲ್ಲಿಂದ ಎಲ್ಲಿವರೆಗೆ, ಎಂಥ ಕೆಲಸ, ಅಷ್ಟು ಬರೀರಿ. ಆಶ್ರಮದವರಿಗೆ ಅಷ್ಟು ಸಾಕು."

ಅವರ ಮಾತಿನಂತೆಯೇ ಇಲ್ಲಿ ಬರೆಯಲಾಗಿದೆ. ಅವರಿಗೆ ದೀರ್ಘಾಯುಷ್ಯವನ್ನೂ ಕೈತುಂಬ ಕೆಲಸವನ್ನೂ ಹಾರೈಸುವ ನಾವು ದೃಢೀಕರಿಸುವುದೇನೆಂದರೆ: ಶ್ರೀಮತಿ ಕಾಂತಾಮಣಿ ಎಂಬವರು 1993ರಿಂದ 2004ರವರೆಗೆ ತಾಂಜಾನಿಯಾದ ಗ್ರಾಮೀಣ ದವಾಖಾನೆಯಲ್ಲಿ ಹೆರಿಗೆ ಮತ್ತು ಶುಶ್ರೂಷೆಯನ್ನೂ, 2004ರಿಂದ ಇಂದಿನವರೆಗೆ ಒಮಾನಿನ ಇಬ್ರಾದಲ್ಲಿ ವೃದ್ಧೆಯರ, ಕೆಲಸಗಾರರ ಆರೈಕೆಯನ್ನೂ ಒಂದು ದಿನವೂ ತಪ್ಪಿಸದೆ ಮಾಡಿದ್ದಾರೆ. ಇದನ್ನು ಕಣ್ಣಾರೆ ಕಂಡು ಸಹಿ ಹಾಕಿದವರು: ಆಫಿಯಾ, ಔಷಧ ವಿಭಾಗ; ಲಿಗೋರಿ, ಸಹೋದ್ಯೋಗಿ. ಶ್ರೀಮತಿ ಕಾಂತಾಮಣಿಯವರ ಆರೋಗ್ಯ ಚೆನ್ನಾಗಿದೆ. ಮುಂದಿನ ತಿಂಗಳ ಮೊದಲ ಸೋಮವಾರದಿಂದ ಕೆಲಸಕ್ಕೆ ಹಾಜರಾಗಲು ಸಿದ್ಧರಿದ್ದಾರೆ.