ಚಿಕ್ಕಪ್ಪ ಮತ್ತು ಎಂಟು ಕಿಲೋವೋಲ್ಟ್

ಸೇಡು ಇಟ್ಟುಕೊಂಡವರ ನೆಮ್ಮದಿ ಸುಟ್ಟುಹೋಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ನನಗೆ ಮಾತ್ರ ಅದರಿಂದ ಒಳ್ಳೆಯ ನಿದ್ದೆ ಬಂತು. ಮೊನ್ನೆ ಗುಂಡ್ಲುಪೇಟೆಯ ಹತ್ತಿರ ಯಾರದೋ ಹೊಲದ ಸೋಲಾರ್ ಬೇಲಿ ಸೆಕೆಂಡಿಗೊಮ್ಮೆ ಟಕ್, ಟಕ್ ಎನ್ನುತ್ತಿತ್ತು. ಹಂಗಳದ ನಮ್ಮ ಮನೆ, ಜಗಲಿಯಲ್ಲಿ ಹರಡಿದ ಹುರುಳಿಯ ಬಿಸಿಲುವಾಸನೆ, ಎಲೆಅಡಿಕೆ ಕುಟ್ಟುವ ಅಜ್ಜಿ, ಎಲ್ಲ ನೆನಪಿನಿಂದ ಎದ್ದು ಬಂದವು. ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ಚಿಕ್ಕಪ್ಪನೂ ಬಂದ, ತಡೆಯಲಾಗಲಿಲ್ಲ.

ಅವನು ಪಂಪ್‌ಸೆಟ್ಟುಗಳಿಗೆ ವೈರು ಕಟ್ಟುತ್ತಿದ್ದ; ಆದ್ದರಿಂದ ವಿದ್ಯುತ್ತು ತನ್ನ ಪಿತ್ರಾರ್ಜಿತವೆಂದು ನಂಬಿದ್ದ. ಏಳನೆಯ ಕ್ಲಾಸಿನಲ್ಲಿ ನಾನು ಒಂದು ಕಿಲೋವೋಲ್ಟಿಗೆ ನೂರು ವೋಲ್ಟ್ ಎಂದು ಬರೆದಿದ್ದೆ. ಆ ನೋಟ್‌ಬುಕ್ಕನ್ನು ಅವನು ನೆಂಟರು ಉಣ್ಣುತ್ತಿದ್ದ ಪಂಕ್ತಿಯಲ್ಲಿ ಗಟ್ಟಿಯಾಗಿ ಓದಿದ. "ಸಾವ್ರ ಕಣಮ್ಮಿ, ಸಾವ್ರ! ಒಂದ್ ಸೊನ್ನೆ ನುಂಗ್ಬುಟ್ಟವ್ಳ. ಇವತ್ತಿಂದ ಇವ್ಳ ಹೆಸ್ರೇ ಸೊನ್ನೆ." ಎರಡು ವರ್ಷ ಆ ಮನೆಯಲ್ಲಿ ನನ್ನನ್ನು ಮಾದೇವಿ ಎಂದು ಯಾರೂ ಕರೆಯಲಿಲ್ಲ. ಅಜ್ಜಿಯೂ "ಸೊನ್ನೆ, ಉಣ್ಣಕ್ ಬಾ" ಎನ್ನುತ್ತಿದ್ದಳು. ಚುಚ್ಚಿದ್ದು ಅದೇ.

ಆನೆಗಳು ರಾಗಿಗೆ ಇಳಿಯತೊಡಗಿದ ಮೇಲೆ ನಮ್ಮ ಹೊಲಕ್ಕೂ ಬೇಲಿ ಬಂತು. ಜೊತೆಗೆ ಬಂದ ಮೀಟರನ್ನು ತಂತಿಗೆ ತಾಗಿಸಿ ಚಿಕ್ಕಪ್ಪ ಗಂಭೀರನಾದ. 8.2 ಎಂದು ತೋರಿಸಿತು. ಪಕ್ಕದಲ್ಲಿದ್ದ ಸಣ್ಣ ಅಕ್ಷರ ಓದಲು ಅವನಿಗೆ ಕನ್ನಡಕ ಬೇಕಿತ್ತು; ಜನರೆದುರು ಕನ್ನಡಕ ಹಾಕುವುದು ಅವನ ಘನತೆಗೆ ತಕ್ಕುದಾಗಿರಲಿಲ್ಲ.

"ಎಷ್ಟ್ಲಾ?" ಎಂದ ಪಕ್ಕದ ಹೊಲದ ಸಿದ್ದಣ್ಣ.

"ಎಂಟು ವೋಲ್ಟು. ಐದಾರು ರೇಡಿಯೋ ಸೆಲ್ಲು ಸೇರ್ಸುದ್ರ ಆಯ್ತದ. ಇದ್ಕ ಆನ ಎದ್ರುತ್ತಾ? ನಾನೇ ಇಡ್ಕತೀನಿ ನೋಡು. ಸೊನ್ನೆ, ನೀನೂ ಕಲ್ತ್ಕ!"

ನಾನು ಆ ಸಣ್ಣ ಅಕ್ಷರ ಓದಿದ್ದೆ: ಕಿಲೋವೋಲ್ಟ್. ಸಾವಿರದಿಂದ ಗುಣಿಸಿದೆ. ಎಂಟು ಸಾವಿರದ ಇನ್ನೂರು. ಬೇಲಿ ಕೊಲ್ಲುವುದಿಲ್ಲ, ಒದೆಯುತ್ತದೆ ಅಷ್ಟೇ ಎಂದು ಹಾಕಿದವರು ಹೇಳಿಹೋಗಿದ್ದರು. ಬಾಯಿ ತೆರೆಯಲು ಬೇಕಾದಷ್ಟು ಹೊತ್ತಿತ್ತು. ತೆರೆಯಲಿಲ್ಲ.

ತಂತಿ ಹಿಡಿದ ಚಿಕ್ಕಪ್ಪ ಒಂದು ಮಾರು ಹಿಂದಕ್ಕೆ ಹಾರಿ ರಾಗಿ ಸಾಲಿನಲ್ಲಿ ಕೂತ. ಆಮೇಲೆ ಲೆಕ್ಕವನ್ನು ನಿಧಾನವಾಗಿ, ಗಟ್ಟಿಯಾಗಿ ಒಪ್ಪಿಸಿದೆ. "ಅವ್ಳು ನುಂಗಿದ್ದು ಒಂದ್ ಸೊನ್ನೆ. ನೀನು ಸಾವ್ರನೇ ನುಂಗ್ಬುಟ್ಯಲ್ಲೋ!" ಎಂದು ಸಿದ್ದಣ್ಣ ಹೊಟ್ಟೆ ಹಿಡಿದುಕೊಂಡ. ಬದುವಿನ ಮೇಲಿಂದ ಅಜ್ಜಿ ಕೂಗಿದಳು: "ನಮ್ ಮಾದೇವಿನ ಒಂದ್ ಮಾತು ಕೇಳಕಾಗ್ನಿಲ್ವಾ ನಿಂಗ?"

ಆ ಧ್ವನಿ ಈಗಿಲ್ಲ. ರಸ್ತೆ ಅಗಲವಾದಾಗ ಮನೆಯೂ ಹೋಯಿತು. ಚಿಕ್ಕಪ್ಪ ಹೋದ ವರ್ಷ ತೀರಿಕೊಂಡ. ನಾನು ಕ್ಷಮೆ ಕೇಳಲಿಲ್ಲ.