ಏಣಿಯಿಂದ ಬಿದ್ದದ್ದಲ್ಲ

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಗಲ್ಫಿನ ಕೈಗಾರಿಕಾ ಪಟ್ಟಣ ಮೆಸಯೀದಿನಲ್ಲಿ ಒಂದು ಗುತ್ತಿಗೆ ಕಂಪನಿಯ ಸೈಟ್ ಆಫೀಸಿನಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಒಂದು ಮಧ್ಯಾಹ್ನ ಉಡುಪಿ ಕಡೆಯ ವೆಲ್ಡರ್ ಒಬ್ಬ ನೀರು ಕುಡಿಯಲು ಕೆಲಸ ಬಿಟ್ಟು ಬಂದ. ಫೋರ್‌ಮನ್ ಕಬ್ಬಿಣದ ಪೈಪ್ ಎತ್ತಿಕೊಂಡ. ಮೊದಲ ಏಟು ಹೆಗಲಿಗೆ. ಎರಡನೆಯದು ತಲೆಗೆ ಬೀಳುವುದರಲ್ಲಿತ್ತು; ವೆಲ್ಡರ್ ಎಡಗೈ ಅಡ್ಡ ಹಿಡಿದ. ಮೂಳೆ ಮುರಿದ ಸದ್ದು ಮುಚ್ಚಿದ ಕಿಟಕಿಯ ಒಳಗಿನಿಂದ ನೋಡುತ್ತಿದ್ದ ನನಗೂ ಕೇಳಿಸಿತು. ಅವನು ಬಿದ್ದ ಮೇಲೆ ಫೋರ್‌ಮನ್ ಬೂಟುಗಾಲಿನಿಂದ ಬಾಯಿಗೆ ಒದ್ದ. ಮರಳಿನ ಮೇಲೆ ರಕ್ತದ ಜೊತೆ ಎರಡು ಹಲ್ಲು ಬಿದ್ದಿದ್ದವು.

ಒಂದು ಗಂಟೆಯೊಳಗೆ ಮ್ಯಾನೇಜರ್ ನನ್ನ ಪಕ್ಕ ನಿಂತು ಹೇಳಿ ಬರೆಸಿದರು: ‘ಏಣಿಯಿಂದ ಜಾರಿ ಬಿದ್ದು ಗಾಯವಾಗಿದೆ.’ ನಾನು ಟೈಪ್ ಮಾಡಿದೆ. ರೂಢಿಯಂತೆ ಕೆಳಗೆ ನನ್ನ ಇನಿಶಿಯಲ್ ಕೂಡ ಹಾಕಿದೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್ನಿನ ಮಂಪರಿನಲ್ಲಿದ್ದವನ ಹೆಬ್ಬೆಟ್ಟನ್ನು ಅದಕ್ಕೆ ಒತ್ತಿಸಿಕೊಂಡು ಬಂದರು.

ಮೂರು ತಿಂಗಳ ನಂತರ ಅವನು ಪರಿಹಾರಕ್ಕೆ ದಾವೆ ಹಾಕಿದ. ಅಲ್ ಮುಂತಜಾ ಬಡಾವಣೆಯ ನಮ್ಮ ಮನೆ ಹುಡುಕಿಕೊಂಡು ಬಂದು ಬಾಗಿಲಲ್ಲೇ ನಿಂತ.

“ಅಕ್ಕಾ, ನೀವು ನೋಡಿದ್ದೀರಿ ಅಲ್ವಾ?”

“ನೋಡಿದ್ದೇನೆ.”

“ಅಷ್ಟೇ ಹೇಳಿ ಮಾರಾಯ್ರೆ. ಹೆಚ್ಚೇನೂ ಬೇಡ.”

ಒಪ್ಪಿಕೊಂಡೆ. ಸುದ್ದಿ ಫೋರ್‌ಮನ್‌ಗೆ ತಲುಪಿತು. ಮರುದಿನ ಅವನು ಆಫೀಸಿಗೆ ನುಗ್ಗಿ ನನ್ನ ಕೀಬೋರ್ಡಿನ ಮೇಲೆ ಪೈಪ್ ಬೀಸಿದ. ನಾನು ಕೈ ಹಿಂದೆಳೆದುಕೊಳ್ಳುವುದು ಒಂದು ಕ್ಷಣ ತಡವಾಗಿದ್ದರೆ ಬೆರಳುಗಳು ಅದರಡಿ ಇರುತ್ತಿದ್ದವು. ಕೀಲಿಗಳು ಸಿಡಿದು ಮಡಿಲಿಗೆ ಬಿದ್ದವು.

“ಯಲ್ಲಾ, ನಡಿ, ಈಗ ಟೈಪ್ ಮಾಡು!” ಎಂದು ಅರಬ್ಬಿ ಬೆರೆಸಿದ ಹಿಂದಿಯಲ್ಲಿ ಕೂಗಿದ. ಯಾರೂ ಎದ್ದು ಬರಲಿಲ್ಲ.

ಕಂಪನಿಯ ವಕೀಲರು ಪ್ಯಾರಿಸ್ಸಿನಲ್ಲಿ ಓದಿದ್ದ ಲೆಬನಾನಿನ ಹಿರಿಯರು. ಕೋರ್ಟಿನಲ್ಲಿ ಅವರು ನಾಲ್ಕು ಶತಮಾನ ಹಿಂದಿನ ಫ್ರಾನ್ಸಿಗೆ ಹೋದರು. ದುಭಾಷಿ ನನಗೆ ಪಿಸುಗುಟ್ಟುತ್ತಿದ್ದ: ಆ ಕಾಲದಲ್ಲಿ ದುಡ್ಡಿಗೆ ಸಾಕ್ಷಿ ಹೇಳುವವರು ಹೆಚ್ಚಾಗಿ ನ್ಯಾಯಾಲಯಗಳು ಬೇಸತ್ತವಂತೆ, ದೊಡ್ಡ ಕರಾರುಗಳಿಗೆ ಬರಹವೇ ಬೇಕೆಂದು ರಾಜ ಕಟ್ಟಳೆ ಮಾಡಿದನಂತೆ, ಬರೆದದ್ದರ ವಿರುದ್ಧ ಬಾಯಿಮಾತು ನಡೆಯುತ್ತಿರಲಿಲ್ಲವಂತೆ. ಈ ದೇಶದ ಕಾನೂನಿನ ಬೇರೂ ಅಲ್ಲಿದೆ, ಇಲ್ಲಿ ಹೆಬ್ಬೆಟ್ಟು ಒತ್ತಿದ ಕಾಗದವಿದೆ ಎಂದರು.

ವೆಲ್ಡರನ ವಕೀಲ, ಈಜಿಪ್ಟಿನ ಯುವಕ, ಥಟ್ಟನೆ ಎದ್ದ.

“ಆ ಕಟ್ಟಳೆ ಕರಾರಿಗೆ. ಏಟಿಗಲ್ಲ. ಹೊಡೆಯುವ ಮುಂಚೆ ಯಾರಾದರೂ ಪತ್ರ ಬರೆದುಕೊಳ್ಳುತ್ತಾರೆಯೇ?”

ನ್ಯಾಯಾಧೀಶರು ನನ್ನನ್ನು ಕರೆದರು. ನೋಡಿದ್ದನ್ನು ಹೇಳಿದೆ. ಹಿರಿಯ ವಕೀಲರು ಕಾಗದವನ್ನು ನನ್ನ ಮುಖದ ಹತ್ತಿರ ಹಿಡಿದರು.

“ಈ ಅಕ್ಷರ ಯಾರದು?”

“ನನ್ನದು.”

“ಹಾಗಾದರೆ ಸುಳ್ಳು ಹೇಳಿದ್ದು ಅಂದೋ, ಇಂದೋ?”

“ಅಂದು. ಹೆದರಿಕೆಯಿಂದ.”

ಅವರು ನಕ್ಕು ಕುಳಿತರು. ನನ್ನ ಮಾತಿಗೆ ಬೆಲೆ ಉಳಿಯಲಿಲ್ಲ ಎಂದುಕೊಂಡೆ.

ನ್ಯಾಯಾಧೀಶರು ಮೂಳೆಯ ತಜ್ಞರೊಬ್ಬರಿಗೆ ಎಕ್ಸ್‌ರೇ ಕಳಿಸಿದರು. ವರದಿ ಬರಲು ಏಳು ವಾರ ಹಿಡಿಯಿತು. ಬೀಳುವವನು ಅಂಗೈ ಊರುತ್ತಾನೆ, ಮಣಿಕಟ್ಟು ಮುರಿಯುವುದೇ ಹೆಚ್ಚು; ಇಲ್ಲಿ ಮುಂಗೈಯ ಒಂದೇ ಮೂಳೆ ನಡುವೆ ಅಡ್ಡಕ್ಕೆ ತುಂಡಾಗಿದೆ, ಇದು ತಲೆ ಕಾಯಲು ಎತ್ತಿದ ಕೈಗೆ ಬಿದ್ದ ಏಟು ಎಂದಿತ್ತು ಅದರಲ್ಲಿ. ತೀರ್ಪು ವೆಲ್ಡರನ ಪರವಾಯಿತು. ‘ಟೈಪಿಸ್ಟಳ ಹೇಳಿಕೆ ಇದಕ್ಕೆ ಹೊಂದುತ್ತದೆ’ ಎಂಬ ಒಂದೇ ಸಾಲು ನನ್ನ ಬಗ್ಗೆ ಇತ್ತು. ಅದನ್ನು ದುಭಾಷಿಯಿಂದ ಎರಡು ಸಲ ಓದಿಸಿ ಕೇಳಿದೆ.

ಅದೇ ವಾರ ಮ್ಯಾನೇಜರ್ ನನ್ನನ್ನು ಕರೆದು “ಖಲಾಸ್” ಎಂದರು. ಫೋರ್‌ಮನ್‌ನನ್ನು ಕೆಲಸದಿಂದ ತೆಗೆಯಲಿಲ್ಲ, ರಾಸ್ ಲಫಾನ್ ಸೈಟಿಗೆ ಕಳಿಸಿದರು. ಅಲ್ಲಿ ಅವನ ಕೈಕೆಳಗೆ ಇನ್ನೂ ಹೆಚ್ಚು ಜನ ಇದ್ದರಂತೆ.

ನಾನು ಊರಿಗೆ ಹೊರಡುವ ದಿನ ವೆಲ್ಡರ್ ಬಂದು ನನ್ನ ಸೂಟ್‌ಕೇಸನ್ನು ಬಲಗೈಯಲ್ಲೇ ಟ್ಯಾಕ್ಸಿಗೆ ಎತ್ತಿ ಇಟ್ಟ. ಎಡಗೈ ಸೊಟ್ಟಗೇ ಉಳಿದಿತ್ತು. “ನನ್ನಿಂದ ನಿಮ್ಮ ಕೆಲಸ ಹೋಯ್ತಲ್ಲ ಅಕ್ಕ” ಎಂದ. ಆ ಕಾಗದ ಟೈಪ್ ಮಾಡಿದ್ದಕ್ಕೆ ನಾನು ಅವನಲ್ಲಿ ಕ್ಷಮೆ ಕೇಳಿದ್ದು ಆಗಲೇ, ಮೊದಲ ಸಲ.