ಅವ್ವನ ಅವ್ವನಿಗೆ ಯಾವ ಸೀರೆ

ಮಾರ್ನಮಿ ಅಮಾವಾಸ್ಯೆ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಜಗಳವೂ ಹತ್ತಿರ ಬರುತ್ತಿತ್ತು. ಹೊಳೆನರಸೀಪುರದ ಪಕ್ಕದ ಊರು ನಮ್ಮದು, ಒಕ್ಕಲು ಮನೆ. ಸತ್ತ ಹಿರಿಯರಿಗೆಲ್ಲ ಆ ದಿನ ಒಟ್ಟಿಗೆ ಎಡೆ ಇಡುತ್ತಿದ್ದೆವು. ಬಾಳೆಯೆಲೆಯ ಮೇಲೆ ಅವರವರಿಗೆ ಇಷ್ಟವಾದ ತಿನಿಸು, ಪಕ್ಕದಲ್ಲಿ ಹೊಸ ಬಟ್ಟೆ. ಗಂಡಸರಿಗೆ ಪಂಚೆ. ಗಂಡ ಇರುವಾಗಲೇ ಕಣ್ಣು ಮುಚ್ಚಿದ ಹೆಂಗಸರಿಗೆ ಹಸಿರು ಸೀರೆ, ಬಳೆ, ಅರಿಶಿನ ಕುಂಕುಮ. ಗಂಡನ ನಂತರ ಹೋದವರಿಗೆ ಬರೀ ಬಿಳಿ ಸೀರೆ. ಎಲ್ಲರ ಮನೆಯಲ್ಲೂ ಸಲೀಸಾಗಿ ನಡೆಯುತ್ತಿದ್ದ ಈ ಪದ್ಧತಿಯಲ್ಲಿ ನಮ್ಮ ಅವ್ವ ಮಾತ್ರ ಸಿಕ್ಕಿಹಾಕಿಕೊಂಡಿದ್ದಳು.

ಅವ್ವನ ಅಪ್ಪ, ಅವ್ವ ಇಬ್ಬರೂ ಒಂದು ಪ್ಲೇಗಿನ ವರ್ಷದಲ್ಲಿ, ದಂಡಿಗನಹಳ್ಳಿ ಕಡೆಯ ಅವರ ಊರಾಚೆ, ರೋಗಕ್ಕೆ ಹೆದರಿ ಊರವರೆಲ್ಲ ಹಾಕಿಕೊಂಡಿದ್ದ ಗುಡಿಸಲೊಂದರಲ್ಲಿ ತೀರಿಹೋಗಿದ್ದರು. ಆಗ ಅವ್ವ ಎದೆಹಾಲು ಕುಡಿಯುವ ಕೂಸು. ಇಬ್ಬರಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ಅವಳಿಗೆ ಹೇಳಿದವರಿಲ್ಲ. ತವರಿನಲ್ಲಿ ಎಡೆ ಇಡಲು ಗಂಡು ದಿಕ್ಕೂ ಇರಲಿಲ್ಲವಾದ್ದರಿಂದ ನಮ್ಮ ಅಪ್ಪ ತನ್ನ ಮನೆಯಲ್ಲೇ ಅವಳಿಗೊಂದು ಮೂಲೆ ಬಿಟ್ಟುಕೊಟ್ಟಿದ್ದ. ಅಲ್ಲಿ ಅವಳು ತನ್ನ ಅಪ್ಪನಿಗೆ ಪಂಚೆ ಇಡುತ್ತಿದ್ದಳು. ತನ್ನ ಅವ್ವನಿಗೆ ಎಲೆ, ಅನ್ನ, ಪಾಯಸ. ಸೀರೆಯ ಜಾಗ ಖಾಲಿ.

"ಗೊತ್ತಿಲ್ದೆ ಇದ್ಮೇಲೆ ಬಿಳೀದು ಮಡಗ್ಬೇಕು ಕಣೆ. ಮುಂಡೆಗೆ ಬಳೆ ಮಡಗಿದ್ರೆ ಮನೆಗೆ ಒಳ್ಳೇದಲ್ಲ" ಎಂದು ಅಪ್ಪನ ತಾಯಿ, ಅಂದರೆ ನನ್ನ ಅಜ್ಜಿ, ಪ್ರತಿ ವರ್ಷವೂ ಶುರು ಮಾಡುತ್ತಿದ್ದಳು.

"ನಮ್ಮವ್ವನ್ನ ನಾನೇ ಮುಂಡೆ ಮಾಡ್ಲಾ ಅತ್ತೆ?" ಎಂದು ಅವ್ವ ಕೇಳುತ್ತಿದ್ದಳು. ಆಮೇಲೆ ಒಲೆಯ ಕಡೆ ತಿರುಗಿಕೊಂಡು, "ವರ್ಸ ವರ್ಸ ಬರೀ ಮೈಲಿ ಬಂದು ಉಂಡು ಓಯ್ತಾಳೆ ನಮ್ಮವ್ವ" ಎಂದು ಅಳುತ್ತಿದ್ದಳು.

ಚಿಕ್ಕವನಾಗಿದ್ದಾಗ ನನಗೆ ಈ ಅಳು ಅರ್ಥವಾಗುತ್ತಿರಲಿಲ್ಲ, ಪಾಯಸದ ಮೇಲಷ್ಟೇ ಕಣ್ಣು. ಅರ್ಥವಾಗುವ ಹೊತ್ತಿಗೆ ನಾನು ಹಾಸನದಲ್ಲಿ ಮೇಷ್ಟ್ರಾಗಿದ್ದೆ. ಯುದ್ಧದ ಕಾಲ. ಶಾಲೆಗೆ ಬರುತ್ತಿದ್ದ ಪತ್ರಿಕೆಯಲ್ಲಿ ದೊಡ್ಡ ಮನುಷ್ಯರ ನಿಧನ ವಾರ್ತೆ ಓದುವಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಇವರ ಮೊಮ್ಮಕ್ಕಳಿಗೆ ಏನೂ ಹುಡುಕುವ ಕಷ್ಟವಿಲ್ಲ ನೋಡು ಎನ್ನಿಸುತ್ತಿತ್ತು. ಒಂದು ಬೇಸಿಗೆ ರಜೆಯಲ್ಲಿ ಅವ್ವನ ಮುಂದೆ ಎದೆಯುಬ್ಬಿಸಿ ಹೇಳಿಯೇಬಿಟ್ಟೆ: "ಹುಟ್ಟು, ಸಾವು ಎಲ್ಲ ಎಲ್ಲಾದರೂ ಬರೆದಿರ್ತಾರೆ ಕಣವ್ವ. ಈ ಮಾರ್ನಮಿಗೆ ಯಾವ ಸೀರೆ ಅಂತ ನಾನು ಹೇಳ್ತೀನಿ." ಅವ್ವ ನಂಬಿಬಿಟ್ಟಳು. ಅಲ್ಲಿಂದ ನನ್ನ ತಲೆನೋವು ಶುರುವಾಯಿತು.

ಮೊದಲು ಅರಕಲಗೂಡಿಗೆ ಹೋದೆ. ಅವ್ವನನ್ನು ಸಾಕಿದ ಅವಳ ಸೋದರಮಾವ ಅಲ್ಲಿದ್ದರು. ನನಗೆ ತಾತ. ಸಾವಿನ ಸುದ್ದಿ ಅವರಿಗೆ ಕಾಗದದಲ್ಲೇ ಬಂದಿತ್ತೆಂದು ಅವ್ವ ಹೇಳಿದ್ದಳು. ಕಾಗದ ಸಿಕ್ಕರೆ ಮುಗಿಯಿತಲ್ಲ ಎಂದುಕೊಂಡಿದ್ದೆ. ಕೇಳಿದ್ದೇ ತಡ, ತಾತ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಮೇಷ್ಟ್ರಂತೆ ಮೇಷ್ಟ್ರು! ಸಾವಿನ ಕಾಗ್ದಾನ ಯಾರಾದ್ರೂ ಮನೇಲಿ ಮಡಿಕ್ಕಂತಾರೇನ್ಲಾ? ಬೀದೀಲೇ ಓದುಸ್ಕಂಡು, ಅಲ್ಲೇ ಅರ್ದು ಬಿಸಾಕಿ, ಮಿಂದು ಒಳಿಕ್ ಬಂದೆ."

ನಮ್ಮ ಕಡೆ ಹಾಗೆಯೇ. ಮದುವೆ ಕಾಗದವನ್ನು ಅರಿಶಿನ ಹಚ್ಚಿ ದೇವರ ಗೂಡಿನಲ್ಲಿ ಇಡುತ್ತಾರೆ, ಸಾವಿನ ಕಾಗದ ಹೊಸಿಲು ದಾಟಬಾರದು. ನನಗೂ ಗೊತ್ತಿದ್ದ ವಿಷಯ, ಹೊಳೆದಿರಲಿಲ್ಲ ಅಷ್ಟೆ. "ಅದರಲ್ಲಿ ಯಾರ ಹೆಸರು ಮೊದಲು ಬರೆದಿತ್ತು ತಾತ?" ಎಂದೆ. "ಓದ್ದೋನು ಇನ್ಯಾವನೋ. ನಾನು ಅಳ್ತಿದ್ದೆ ಕಣ್ಲಾ" ಎಂದರು.

ಅಲ್ಲಿಂದ ಹಾಸನಕ್ಕೆ ಬಂದು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಪೆಟ್ರೋಲಿಗೆ ಬರ ಬಂದಿತ್ತು, ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಶಾಂತಿಗ್ರಾಮದ ಏರಿನಲ್ಲಿ ಬಸ್ಸು ನಿಂತುಹೋಗಿ, ನಾವೆಲ್ಲ ಇಳಿದು ತಳ್ಳಿದೆವು. ಮಸಿ ಮೆತ್ತಿದ ಅಂಗಿಯಲ್ಲೇ ತಾಲ್ಲೂಕು ಕಚೇರಿಗೆ ಹೋಗಿ ಸಾವಿನ ದಾಖಲೆ ಕೇಳಿದೆ. ಗುಮಾಸ್ತ ಕನ್ನಡಕ ಏರಿಸಿ, "ಯಾವ ವರ್ಷದ್ದು?" ಎಂದ.

"ಪ್ಲೇಗಿನ ವರ್ಷದ್ದು ಸ್ವಾಮಿ."

"ಯಾವ ಪ್ಲೇಗು? ಅದು ನೆಂಟರ ಹಾಗೆ ಬಂದು ಬಂದು ಹೋಗಿದೆಯಲ್ಲ" ಎಂದು ನಕ್ಕ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವನ ತಪ್ಪೇನು? ಅವ್ವನ ವಯಸ್ಸೇ ಯಾರಿಗೂ ಸರಿಯಾಗಿ ಗೊತ್ತಿಲ್ಲದಿರುವಾಗ ನಾನು ಯಾವ ವರ್ಷ ಎಂದು ಹೇಳಲಿ? ಊರಿನ ಪಟೇಲರನ್ನು ಕೇಳಿ, ಅವರ ಮನೆಯಲ್ಲೇ ಹಳೆಯ ಪುಸ್ತಕ ಇದ್ದರೆ ಇದ್ದೀತು ಎಂದು ಅವನೇ ದಾರಿ ತೋರಿಸಿದ.

ಅವ್ವನ ಹುಟ್ಟೂರಿನ ಪಟೇಲರ ಮನೆಯಲ್ಲಿ ಪುಸ್ತಕ ನಿಜವಾಗಿಯೂ ಇತ್ತು. ಈಗಿನ ಪಟೇಲರು ಆಗಿನ ಪಟೇಲರ ಮಗ. ಹುಡುಕಿ, ಬೆರಳಿಟ್ಟು ತೋರಿಸಿದರು. ಅವ್ವನ ಅಪ್ಪನ ಹೆಸರು ಮೇಲೆ, ಅವ್ವನ ಅವ್ವನ ಹೆಸರು ಅದರ ಕೆಳಗೆ. ಹಾಗಾದರೆ ಬಿಳಿ ಸೀರೆಯೇ. ಅಜ್ಜಿಯೇ ಗೆದ್ದಳು. ಈ ಮಾತನ್ನು ಅವ್ವನಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತ ಆ ಪುಟವನ್ನು ನೋಡುತ್ತಲೇ ಇದ್ದೆ. ಬಹಳ ಹೊತ್ತಾದ ಮೇಲೆ ಕಣ್ಣಿಗೆ ಬಿತ್ತು: ಸತ್ತವರೆಲ್ಲರೂ ಒಂದೇ ತಾರೀಖಿನಲ್ಲಿ ಸತ್ತಿದ್ದರು. ಪ್ರತಿ ಮನೆಯಲ್ಲೂ ಗಂಡಸು ಮೇಲೆ, ಹೆಂಗಸು ಕೆಳಗೆ.

"ಅದು ಅಂಗೇಯ ಸಾ" ಎಂದರು ಪಟೇಲರು, ನನ್ನ ಮುಖ ನೋಡಿ. "ಊರೇ ಆಚೆ ಗುಡ್ಸಲಲ್ಲಿತ್ತಲ್ಲ. ನಮ್ಮಪ್ಪನೂ ಜರ ಬಂದು ಮಲಗ್ಬುಟ್ಟಿದ್ರು. ಎದ್ಮೇಲೆ ಒಂದಿನ ಕುಂತ್ಕಂಡು ಮನೆ ಮನೆ ಜ್ಞಾಪಿಸ್ಕಂಡು ಬರ್ದ್ರು. ಯಜಮಾನನ್ನ ಬುಟ್ಟು ಎಂಗುಸ್ನ ಮೊದ್ಲು ಬರ್ಯಕ್ಕಾಯ್ತದಾ?"

ಅಂದರೆ ಆ ಪುಸ್ತಕದಲ್ಲಿ ಇದ್ದದ್ದು ಸತ್ತ ಕ್ರಮವಲ್ಲ, ಮನೆಯ ಮರ್ಯಾದೆಯ ಕ್ರಮ. ನನಗೆ ನಗು ಬಂತು, ಅಳುವೂ ಬಂತು. ಬರೆದದ್ದೆಲ್ಲ ನಿಜ ಎಂದು ಮಕ್ಕಳಿಗೆ ಪಾಠ ಹೇಳುವ ನಾನು ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಿದ್ದೆ.

ನನ್ನ ಪಾಡು ನೋಡಲಾರದೆ ಪಟೇಲರು ಊರ ಕೊನೆಯ ಮನೆಗೆ ಕರೆದುಕೊಂಡು ಹೋದರು. ಆ ವರ್ಷ ಪಕ್ಕದ ಗುಡಿಸಲಲ್ಲಿದ್ದ ಮುದುಕಿ ಇನ್ನೂ ಬದುಕಿದ್ದಳು. ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಯಾರೆಂದು ತಿಳಿದದ್ದೇ ನನ್ನ ಕೆನ್ನೆ ಸವರಿದಳು. ಕೈ ತುಂಬ ಹುಣಸೆಯ ಅಂಟು.

"ಯಾರು ಮುಂಚೆ ಓದ್ರು ಅಂತ ಸಿವನೇ ಏಳ್ಬೇಕು ಮಗಾ. ಎಲ್ರೂ ಬಿದ್ದಿದ್ವಿ. ನಾನು ಎದ್ದು ಓಗಿ ನೋಡೋ ಒತ್ಗೆ ಇಬ್ರೂ ತಣ್ಣಗಾಗಿದ್ರು."

"ಕೈಯಲ್ಲಿ ಬಳೆ ಇದ್ವಾ ಅಜ್ಜಿ?" ಎಂದೆ, ಇದೇ ಕೊನೆಯ ಆಸೆ ಎಂಬಂತೆ.

"ಇದ್ವು. ಇದ್ರೇನು? ಗಂಡ ಮುಂಚೆ ಓಗಿದ್ರೂ ತೆಗ್ಯಕ್ಕೆ ಯಾರಿದ್ರು ಅಲ್ಲಿ?" ಎಂದು ಬೀಜ ಬಿಡಿಸುವುದನ್ನು ನಿಲ್ಲಿಸಿದಳು. "ನಿಮ್ಮವ್ವ ಮಾತ್ರ ಅವ್ವನ ಎದೆ ಚೀಪ್ಕಂಡು ಮಲಗಿತ್ತು. ಅಳ್ತಾನೂ ಇರ್ನಿಲ್ಲ. ನಾನೇ ಬುಡಿಸ್ಕಂಡು ಬಂದೆ."

ಊರಿಗೆ ಬರುವ ದಾರಿಯಲ್ಲೆಲ್ಲ ತಲೆ ಗೊಂದಲದ ಗೂಡಾಗಿತ್ತು. ಹರಿದುಹೋದ ಕಾಗದ, ಮರ್ಯಾದೆಗೆ ಬರೆದ ಪುಸ್ತಕ, ಏನೂ ಹೇಳದ ಬಳೆ. ಅವ್ವ ಒಲೆಯ ಮುಂದೆ ಕೂತು ಮುದ್ದೆ ಕೂಡಿಸುತ್ತಿದ್ದಳು. ನಡೆದದ್ದನ್ನು ಒಂದೂ ಬಿಡದೆ ಹೇಳಿ, "ಗೊತ್ತಾಗಲಿಲ್ಲ ಕಣವ್ವ" ಎಂದೆ. ಅವಳು ಕಾಗದದ ವಿಷಯವನ್ನೂ ಕೇಳಲಿಲ್ಲ, ಪುಸ್ತಕದ ವಿಷಯವನ್ನೂ ಕೇಳಲಿಲ್ಲ.

"ನಾನು ಅಳ್ತಿರ್ನಿಲ್ವಂತಾ?"

"ಇಲ್ಲವಂತೆ."

"ಅಂಗಾರೆ ಅಪ್ಪನೇ ಮುಂಚೆ ಓಗಿರೋದು" ಎಂದಳು. "ಅಸ್ಕಂಡಿದ್ರೆ ಅಳ್ತಿರ್ನಿಲ್ವಾ ನಾನು? ಅವ್ವ ಕೊನೇಗಂಟ ಜೀವ ಇಡ್ಕಂಡು ಆಲು ಕೊಟ್ಟವ್ಳೆ."

ಅವಳು ಹೇಳಿದ್ದು ನಿಜವೋ ಏನೋ ನನಗೆ ಇವತ್ತಿಗೂ ತಿಳಿಯದು. ಅಳಲು ತ್ರಾಣವಿಲ್ಲದ ಕೂಸು ಸುಮ್ಮನೆಯೂ ಮಲಗಿರುತ್ತದೆ, ಹಾಲಿಲ್ಲದ ಎದೆಯನ್ನೂ ಚೀಪುತ್ತದೆ. ಹೇಳೋಣವೆಂದು ಬಾಯಿಯವರೆಗೂ ಬಂತು. ನಮ್ಮನ್ನೆಲ್ಲ ಹೆತ್ತು ಹಾಲೂಡಿಸಿದವಳಿಗೆ, ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟವಳಿಗೆ, ಅದನ್ನು ನಾನು ಹೇಳಿಕೊಡಬೇಕಾಗಿತ್ತೇ?

ಆ ಮಾರ್ನಮಿಗೆ ಅವ್ವ ಬಿಳಿ ಸೀರೆ ತರಿಸಿದಳು. ಇಷ್ಟು ವರ್ಷ ಬಿಳಿಯದೇ ಆಗಬೇಕೆಂದು ಹಟ ಹಿಡಿದಿದ್ದ ಅಜ್ಜಿ ಅದನ್ನು ಎಲೆಯ ಪಕ್ಕ ಕಂಡಾಗ ಯಾಕೋ ಪೆಚ್ಚಾದಳು. "ಓಗ್ಲಿ ಬುಡು, ಯಾರಿಗ್ ಗೊತ್ತು, ಹಸುರ್ದೇ ಮಡಗೇ" ಎಂದಳು.

"ಬ್ಯಾಡ ಕಣತ್ತೆ" ಎಂದು ಅವ್ವ ಸೀರೆಯ ಮಡಿಕೆ ಸರಿಮಾಡಿದಳು. "ನಮ್ಮಪ್ಪ ಓದ್ಮೇಲೂ ನನ್ನ ಅಸ್ಕಂಡಿರಕ್ಕೆ ಬುಡ್ನಿಲ್ಲ ನಮ್ಮವ್ವ."